ಲಂಡನ್ ಟ್ಯೂಬ್‌ನಲ್ಲಿ ನಾವಿಬ್ಬರೇ ಓಡಾಡಬಹುದಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗ ಲಂಡನ್‌ನಲ್ಲಿದ್ದಾನೆ, ಮನೆ ಹೌನ್ಸ್ಲೊ ಸೆಂಟ್ರಲ್ ಸ್ಟೇಷನ್ ಹತ್ತಿರ. ನಾನು, ನನ್ನ ಹೆಂಡತಿ ಹದಿನೈದು ದಿನಕ್ಕೆ ಹೋಗುತ್ತಿದ್ದೇವೆ. ವಾರದ ದಿನಗಳಲ್ಲಿ ಮಗನಿಗೆ ಆಫೀಸು, ಹಾಗಾಗಿ ನಾವಿಬ್ಬರೇ ಟ್ಯೂಬ್, ಅಂದರೆ ಅಲ್ಲಿನ ಸುರಂಗ ರೈಲು, ಹತ್ತಿ ಊರು ನೋಡಬೇಕು ಅಂತ ಆಸೆ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯನ್ನಂತೂ ನೋಡಲೇಬೇಕು. ಆದರೆ ಆ ರೈಲಿನ ನಕ್ಷೆ ನೋಡಿದರೆ ತಲೆ ತಿರುಗುತ್ತದೆ. ಹೆಂಡತಿಗೆ ಮಂಡಿ ನೋವು ಬೇರೆ. ಟಿಕೆಟ್ ಹೇಗೆ, ಎಲ್ಲೆಲ್ಲಿ ತಪ್ಪಾಗುತ್ತದೆ, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಮೇಷ್ಟ್ರೇ, ಧಾರಾಳವಾಗಿ ಓಡಾಡಬಹುದು. ಊರಿಂದ ಬರುವವರನ್ನು ಕರೆದುಕೊಂಡು ಲಂಡನ್ ಸುತ್ತಿಸುವುದೇ ಎಷ್ಟೋ ವರ್ಷದಿಂದ ನನ್ನ ಕೆಲಸ. ಎಲ್ಲರೂ ಹೆದರುವುದು ನಕ್ಷೆಗೆ. ಎಡವುವುದು ಮಾತ್ರ ಬೇರೆ ಕಡೆ, ಗೇಟಿನ ಹತ್ತಿರ. ತಪ್ಪು ರೈಲು ಹತ್ತಿದರೆ ಏನಾಗುತ್ತದೆ ಹೇಳಿ? ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬಂದರಾಯಿತು, ಹತ್ತು ನಿಮಿಷ ಹೋಗುತ್ತದೆ, ಯಾರೂ ಬೈಯುವುದಿಲ್ಲ, ದಂಡ ಹಾಕುವುದಿಲ್ಲ. ಗೇಟಿನಲ್ಲಿ ಕಾರ್ಡ್ ತಪ್ಪಾಗಿ ಮುಟ್ಟಿಸಿದರೆ ದುಡ್ಡು ಹೋಗುತ್ತದೆ. ಹಾಗಾಗಿ ಎಚ್ಚರವೆಲ್ಲ ಕಾರ್ಡಿನ ಮೇಲಿರಲಿ, ರೈಲಿನ ವಿಷಯದಲ್ಲಿ ಆರಾಮಾಗಿರಿ.

ಕಾರ್ಡಿನಿಂದಲೇ ಶುರು ಮಾಡೋಣ. ಇಲ್ಲಿ ಪೇಪರ್ ಟಿಕೆಟ್ ಕೊಳ್ಳುವುದು ಸುಮ್ನೆ ದಂಡ. ಊರಿನ ನಡುಭಾಗದ ಒಂದು ಪ್ರಯಾಣಕ್ಕೆ ಕಾರ್ಡಿನಲ್ಲಿ ಹೋಗುವುದರ ಎರಡು ಪಟ್ಟಿಗೂ ಜಾಸ್ತಿ ಬೀಳುತ್ತದೆ. ಎರಡು ದಾರಿ ಇವೆ. ಒಂದು, ನಿಮ್ಮ ಬ್ಯಾಂಕಿನ ಕಾರ್ಡನ್ನೇ ಗೇಟಿನ ಹಳದಿ ವೃತ್ತಕ್ಕೆ ಮುಟ್ಟಿಸುವುದು. ಎರಡು, ಆಯ್ಸ್ಟರ್ ಅನ್ನುವ ಕಾರ್ಡ್ ಕೊಂಡು ಅದರಲ್ಲಿ ದುಡ್ಡು ತುಂಬಿಸಿ ಅದನ್ನು ಮುಟ್ಟಿಸುವುದು. ದರ ಎರಡಕ್ಕೂ ಒಂದೇ.

ಬ್ಯಾಂಕ್ ಕಾರ್ಡ್ ಬಳಸುವುದಾದರೆ ಊರಿಂದ ಹೊರಡುವ ಮೊದಲೇ ಒಂದು ಕೆಲಸ ಮಾಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮತ್ತು ಮುಟ್ಟಿಸಿ ಪಾವತಿ ಮಾಡುವ ಸೌಲಭ್ಯ ಎರಡೂ ಮುಚ್ಚಿಯೇ ಬರುತ್ತವೆ. ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಬೇಕು. ಒಂದನ್ನು ಆನ್ ಮಾಡಿ ಇನ್ನೊಂದನ್ನು ಮರೆಯುವವರೇ ಜಾಸ್ತಿ. ಹೀಥ್ರೂ ಏರ್‌ಪೋರ್ಟಿನಲ್ಲಿ ಇಳಿದು, ನಿದ್ದೆಗಣ್ಣಲ್ಲಿ, ಸೂಟ್‌ಕೇಸ್ ಹಿಡಿದು, ಗೇಟಿನಲ್ಲಿ ಕೆಂಪು ದೀಪ ನೋಡುತ್ತಾ ನಿಲ್ಲುವುದು ಬೇಡ ಅಲ್ವಾ? ವೀಸಾ, ಮಾಸ್ಟರ್‌ಕಾರ್ಡ್, ಅಮೆಕ್ಸ್ ನಡೆಯುತ್ತವೆ. ರೂಪೇ ನಂಬಿಕೊಂಡು ಬರಬೇಡಿ. ಯುಪಿಐ ಸ್ಕ್ಯಾನ್ ಮಾಡಿ ಗೇಟು ದಾಟೋಣ ಅಂದರೆ ಅದೂ ಇಲ್ಲ. ನಮ್ಮ ಬ್ಯಾಂಕುಗಳು ವಿದೇಶಿ ಪಾವತಿಗೆ ಮೇಲೊಂದಿಷ್ಟು ಶುಲ್ಕ ಹಾಕುತ್ತವೆ, ಅದನ್ನೂ ವಿಚಾರಿಸಿಕೊಳ್ಳಿ.

ನಿಮ್ಮಿಬ್ಬರಿಗೆ ಯಾವುದು ಒಳ್ಳೆಯದು ಅಂದರೆ, ತಲಾ ಒಂದು ಆಯ್ಸ್ಟರ್ ತಗೊಳ್ಳಿ ಅಂತಲೇ ನಾನು ಹೇಳುವುದು. ಕಾರ್ಡಿಗೆ ಕೊಟ್ಟ ಶುಲ್ಕ ವಾಪಸ್ ಬರುವುದಿಲ್ಲ, ನಿಜ. ಆದರೆ ಹದಿನೈದು ದಿನ ಬ್ಯಾಂಕ್ ಕಾರ್ಡನ್ನು ಜನಜಂಗುಳಿಯಲ್ಲಿ ದಿನಕ್ಕೆ ಎಂಟು ಸಲ ಜೇಬಿಂದ ತೆಗೆಯುವ ತಲೆನೋವು ತಪ್ಪುತ್ತದೆ. ಎಷ್ಟು ಖರ್ಚಾಯಿತು ಅಂತಲೂ ಕಣ್ಣೆದುರೇ ಕಾಣುತ್ತದೆ. ಸ್ಟೇಷನ್‌ನಲ್ಲಿ ಮೆಷಿನ್ ಇರುತ್ತದೆ, ಅದರಲ್ಲೇ ಕೊಂಡು ಅದರಲ್ಲೇ ತುಂಬಿಸಬಹುದು.

ಈಗ ಗೇಟಿನ ನಿಯಮ. ಒಳಗೆ ಹೋಗುವಾಗ ಮುಟ್ಟಿಸಿ, ಹೊರಗೆ ಬರುವಾಗ ಮುಟ್ಟಿಸಿ, ಎರಡು ಸಲವೂ ಅದೇ ಕಾರ್ಡ್. ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುವ ಹಾಗಿಲ್ಲ. ಇಷ್ಟೇ ಇರುವುದು, ಆದರೂ ತಪ್ಪುತ್ತದೆ. ನಮ್ಮ ಮಾವನವರು ಬಂದಾಗ ಫೋನಿನಲ್ಲಿ ಅದೇ ಬ್ಯಾಂಕ್ ಕಾರ್ಡ್ ಹಾಕಿಕೊಂಡಿದ್ದರು. ಒಳಗೆ ಹೋಗುವಾಗ ಫೋನ್ ಮುಟ್ಟಿಸಿದರು, ಹೊರಗೆ ಬರುವಾಗ ಫೋನ್ ಯಾಕೋ ಎದ್ದೇಳಲಿಲ್ಲ, ಪರ್ಸಿನಿಂದ ಕಾರ್ಡ್ ತೆಗೆದು ಮುಟ್ಟಿಸಿದರು. ಎರಡೂ ಒಂದೇ ಖಾತೆ ತಾನೇ ಅಂತ ಅವರ ಲೆಕ್ಕ. ಗೇಟಿನ ಲೆಕ್ಕದಲ್ಲಿ ಒಬ್ಬ ಮನುಷ್ಯ ಒಳಗೆ ಹೋದವನು ಹೊರಗೆ ಬರಲೇ ಇಲ್ಲ, ಇನ್ನೊಬ್ಬ ಒಳಗೇ ಹೋಗದೆ ಹೊರಗೆ ಬಂದ. ಎರಡಕ್ಕೂ ಗರಿಷ್ಠ ದರ ಬಿತ್ತು. ಇಂಥದ್ದಾದರೆ ವಾಪಸ್ ಕೇಳಬಹುದು, ಆದರೆ ಪ್ರವಾಸಕ್ಕೆ ಬಂದವರು ಅರ್ಜಿ ಬರೆಯುತ್ತಾ ಕೂರುವುದು ಯಾಕೆ?

ಕೆಲವು ಕಡೆ ಗೇಟೇ ಇರುವುದಿಲ್ಲ. ಪೂರ್ವದ ಕಡೆ ಓಡುವ ಡಿಎಲ್ಆರ್ ಅನ್ನುವ ಡ್ರೈವರ್ ಇಲ್ಲದ ಪುಟ್ಟ ರೈಲಿನ ಸ್ಟೇಷನ್‌ಗಳಲ್ಲಿ ಇದು ಜಾಸ್ತಿ. ಒಂದು ಕಂಬದ ಮೇಲೆ ಹಳದಿ ವೃತ್ತ ಇರುತ್ತದೆ ಅಷ್ಟೇ. ಅಲ್ಲೂ ಮುಟ್ಟಿಸಲೇಬೇಕು. ಬಸ್ಸಿನಲ್ಲಿ ಮಾತ್ರ ಉಲ್ಟಾ: ಹತ್ತುವಾಗ ಒಮ್ಮೆ, ಇಳಿಯುವಾಗ ಇಲ್ಲ.

ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕತ್ತರಿಸುವುದಿಲ್ಲ ಅಂತ ಒಂದು ಮಿತಿ ಇದೆ. ಅದನ್ನು ಮುಟ್ಟಿದ ಮೇಲೆ ಆ ದಿನ ಎಷ್ಟು ಸುತ್ತಿದರೂ ಪುಕ್ಕಟೆ. ಸೋಮವಾರದಿಂದ ಭಾನುವಾರದವರೆಗೆ ವಾರದ ಮಿತಿಯೂ ಇದೆ. ಎರಡನ್ನೂ ಲೆಕ್ಕ ಹಾಕುವುದು ಕಾರ್ಡೇ, ನೀವು ಪಾಸ್ ಅಂತ ಬೇರೆ ಕೊಳ್ಳಬೇಕಿಲ್ಲ. ಮಿತಿ ಎಷ್ಟು ಅನ್ನುವುದು ಎಷ್ಟು ವಲಯ ದಾಟಿದಿರಿ ಅನ್ನುವುದರ ಮೇಲೆ. ಊರನ್ನು ಈರುಳ್ಳಿ ಪದರದ ಹಾಗೆ ವಲಯಗಳಾಗಿ ಮಾಡಿದ್ದಾರೆ, ನಡುವಿನದು 1. ಹೌನ್ಸ್ಲೊ ಸೆಂಟ್ರಲ್ 4ರಲ್ಲಿದೆ, ಹೀಥ್ರೂ 6ರಲ್ಲಿ. ದರಗಳು ಆಗಾಗ ಏರುತ್ತವೆ, ಹಾಗಾಗಿ ಅಂಕಿ ಕೊಡುವುದಿಲ್ಲ, ಬರುವ ಮುಂಚೆ ಮಗನಿಗೇ ನೋಡಲು ಹೇಳಿ. ಅರವತ್ತು ದಾಟಿದವರಿಗೆ ಉಚಿತವಂತೆ ಅಂತ ಯಾರಾದರೂ ಹೇಳಿದರೆ ಆಸೆ ಪಡಬೇಡಿ. ಅದು ಲಂಡನ್‌ನಲ್ಲೇ ವಾಸ ಇರುವವರಿಗೆ ಮಾತ್ರ.

ಇನ್ನು ನಿಮ್ಮನ್ನು ಹೆದರಿಸಿದ ಆ ನಕ್ಷೆ. ಅದು ನಕ್ಷೆಯೇ ಅಲ್ಲ. ಹ್ಯಾರಿ ಬೆಕ್ ಅನ್ನುವ ಡ್ರಾಫ್ಟ್ಸ್‌ಮನ್ ವಿದ್ಯುತ್ ಸರ್ಕ್ಯೂಟ್ ಬರೆಯುವ ಹಾಗೆ ಬರೆದುಕೊಟ್ಟದ್ದು, 1933ರಲ್ಲಿ ಜನರ ಕೈಗೆ ಬಂತು. ಯಾವ ಸ್ಟೇಷನ್ ಆದಮೇಲೆ ಯಾವುದು, ಎಲ್ಲಿ ಬದಲಾಯಿಸಬೇಕು, ಅಷ್ಟೇ ಅದರಲ್ಲಿ ನಿಜ. ದೂರವೆಲ್ಲ ಸುಳ್ಳು. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಮುನ್ನೂರು ಮೀಟರ್ ಕೂಡ ಇಲ್ಲ, ಆದರೂ ಹೊಸಬರು ಅಲ್ಲಿ ಇಳಿದು, ಮೆಟ್ಟಿಲು ಹತ್ತಿ, ಲೈನ್ ಹಿಡಿದು, ರೈಲಿಗೆ ಕಾದು, ಒಂದು ನಿಮಿಷ ಕೂತು, ಮತ್ತೆ ಲಿಫ್ಟಿಗೆ ಸಾಲು ನಿಂತು ಮೇಲೆ ಬರುತ್ತಾರೆ. ನಡೆದಿದ್ದರೆ ಅಷ್ಟರಲ್ಲಿ ಹೋಗಿ ಕಾಫಿ ಕುಡಿದಿರುತ್ತಿದ್ದರು. ಅದಕ್ಕೇ ನಡುಭಾಗದಲ್ಲಿ ಒಂದೆರಡು ಸ್ಟೇಷನ್ ದೂರ ಇದ್ದರೆ ಮೊದಲು ಫೋನಿನಲ್ಲಿ ನಡೆಯುವ ದಾರಿ ನೋಡಿ.

ಹೆಸರುಗಳ ಬಗ್ಗೆ ಒಂದು ಮಾತು. ಬೋರ್ಡಿನ ಅಕ್ಷರ ಓದಿದರೆ ಲೀಸೆಸ್ಟರ್ ಅನ್ನಿಸುತ್ತದೆ, ರೈಲಿನಲ್ಲಿ ಕೂಗುವುದು ಲೆಸ್ಟರ್. ಗ್ಲೌಸೆಸ್ಟರ್ ಅಂತ ಕಾಣುವುದು ಗ್ಲಾಸ್ಟರ್. ಕಿವಿಯನ್ನು ನಂಬದೆ ಕಿಟಕಿಯಾಚೆಯ ಬೋರ್ಡ್ ನೋಡಿ. ಇಂಗ್ಲಿಷ್ ಪಾಠ ಮಾಡಿದ ಮೇಷ್ಟ್ರಾಗಿದ್ದರೆ ಸಿಟ್ಟು ಬರಬಹುದು, ಏನೂ ಮಾಡುವ ಹಾಗಿಲ್ಲ.

ಸರಿ, ಬಸವಣ್ಣನ ಹತ್ತಿರ ಹೋಗೋಣ. ಈ ಒಂದು ದಾರಿ ಕಲಿತರೆ ಉಳಿದ ಊರೆಲ್ಲ ಬರುತ್ತದೆ. ಪ್ರತಿಮೆ ಇರುವುದು ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಂಡೆಯಲ್ಲಿ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಹತ್ತಿರದ ಟ್ಯೂಬ್ ಸ್ಟೇಷನ್ ವಾಕ್ಸ್‌ಹಾಲ್. ನಿಮ್ಮ ಮನೆ ಇರುವುದು ಪಿಕಡಿಲಿ ಲೈನಿನಲ್ಲಿ, ವಾಕ್ಸ್‌ಹಾಲ್ ಇರುವುದು ವಿಕ್ಟೋರಿಯಾ ಲೈನಿನಲ್ಲಿ. ಎರಡೂ ಸೇರುವುದು ಗ್ರೀನ್ ಪಾರ್ಕ್‌ನಲ್ಲಿ. ಅಂದರೆ ಒಂದೇ ಬದಲಾವಣೆ.

ಹೌನ್ಸ್ಲೊ ಸೆಂಟ್ರಲ್‌ನಲ್ಲಿ ಪೂರ್ವಕ್ಕೆ ಹೋಗುವ ಪ್ಲಾಟ್‌ಫಾರ್ಮ್ ಹಿಡಿಯಿರಿ. ಇಲ್ಲಿ ದಿಕ್ಕು ಹೇಳುವುದು ಈಸ್ಟ್‌ಬೌಂಡ್, ವೆಸ್ಟ್‌ಬೌಂಡ್ ಅಂತ. ರೈಲಿನ ಮೇಲೆ ಕೊನೆಯ ಸ್ಟೇಷನ್ನಿನ ಹೆಸರು ಇರುತ್ತದೆ, ಕಾಕ್‌ಫಾಸ್ಟರ್ಸ್ ಅಂತಿದ್ದರೂ ಸರಿ, ಆರ್ನೋಸ್ ಗ್ರೋವ್ ಅಂತಿದ್ದರೂ ಸರಿ, ಎರಡೂ ಗ್ರೀನ್ ಪಾರ್ಕ್ ದಾಟಿಯೇ ಹೋಗುತ್ತವೆ. ಮೊದಲು ಸುಮಾರು ದೂರ ನೆಲದ ಮೇಲೆ ಓಡುತ್ತದೆ, ಮನೆಗಳ ಹಿತ್ತಲು, ಒಣಗಲು ಹಾಕಿದ ಬಟ್ಟೆ ಎಲ್ಲ ಕಾಣುತ್ತದೆ. ಆಮೇಲೆ ಸುರಂಗಕ್ಕೆ ಇಳಿಯುತ್ತದೆ. ಹೈಡ್ ಪಾರ್ಕ್ ಕಾರ್ನರ್ ಬಂದಾಗ ಎದ್ದು ನಿಲ್ಲಿ, ಮುಂದಿನದೇ ಗ್ರೀನ್ ಪಾರ್ಕ್.

ಇಳಿದಮೇಲೆ ವಿಕ್ಟೋರಿಯಾ ಲೈನಿನ ಬೋರ್ಡ್ ಹಿಂಬಾಲಿಸಿ. ಪಿಕಡಿಲಿ ಕಡು ನೀಲಿ, ವಿಕ್ಟೋರಿಯಾ ತಿಳಿ ನೀಲಿ, ಬಣ್ಣ ನೋಡಿ ಗೊಂದಲ ಆಗಬಾರದು ಅಂತ ಹೇಳಿದೆ. ಗ್ರೀನ್ ಪಾರ್ಕ್‌ನಲ್ಲಿ ಈ ಎರಡು ಲೈನಿನ ನಡುವೆ ನಡೆಯುವ ಓಣಿ ಉದ್ದ, ದಾರಿ ತಪ್ಪಿತೇನೋ ಅನ್ನಿಸುವಷ್ಟು ಉದ್ದ, ತಪ್ಪಿರುವುದಿಲ್ಲ. ಕೊನೆಗೆ ಪ್ಲಾಟ್‌ಫಾರ್ಮಿಗೆ ಹೋಗುವ ಮುಂಚೆ ಒಂದು ಗೋಡೆ ಸಿಗುತ್ತದೆ, ಎಡಕ್ಕೆ ಹೋದರೆ ಯಾವ ಯಾವ ಸ್ಟೇಷನ್, ಬಲಕ್ಕೆ ಹೋದರೆ ಯಾವುದು ಅಂತ ಪಟ್ಟಿ ಬರೆದಿರುತ್ತಾರೆ. ಈ ಗೋಡೆಯ ಮುಂದೆ ಅರ್ಧ ನಿಮಿಷ ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಸ್ಟೇಷನ್ ಯಾವ ಪಟ್ಟಿಯಲ್ಲಿದೆಯೋ ಆ ಕಡೆ ಹೋಗಿ, ಪೂರ್ವ ಪಶ್ಚಿಮ ಏನೂ ಗೊತ್ತಿರಬೇಕಿಲ್ಲ. ಆದರೆ ಜನರ ದಾರಿಯ ನಡುವೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ. ಇಲ್ಲಿನವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಸುಮ್ನೆ ಉಸಿರು ಬಿಡುತ್ತಾರೆ, ಅದು ಬೈಗುಳಕ್ಕಿಂತ ಜೋರು.

ಪಟ್ಟಿಯಲ್ಲಿ ವಿಕ್ಟೋರಿಯಾ, ಪಿಮ್ಲಿಕೊ, ವಾಕ್ಸ್‌ಹಾಲ್ ಅಂತ ಕಂಡರೆ ಅದೇ. ಮೂರನೇ ಸ್ಟೇಷನ್. ಈ ಲೈನಿಗೆ ಕವಲಿಲ್ಲ, ಯಾವ ರೈಲು ಬಂದರೂ ಹತ್ತಿ. ಹೊರಗೆ ಬಂದು ನದಿಯನ್ನು ಎಡಕ್ಕೆ ಇಟ್ಟುಕೊಂಡು ದಂಡೆಯುದ್ದಕ್ಕೂ ನಡೆದರೆ, ನಿಧಾನಕ್ಕೆ ನಡೆದರೂ ಕಾಲು ಗಂಟೆಯೊಳಗೆ ಬಸವಣ್ಣ ಸಿಗುತ್ತಾನೆ.

ಬದಲಾವಣೆಯೇ ಬೇಡ ಅಂದರೆ ಇನ್ನೊಂದು ದಾರಿ ಇದೆ. ನಿಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಬರೀ ಹೌನ್ಸ್ಲೊ ಅನ್ನುವ ಬೇರೆಯೇ ರೈಲು ಸ್ಟೇಷನ್ ಇದೆ. ಅದು ಟ್ಯೂಬ್ ಅಲ್ಲ, ಮಾಮೂಲಿ ರೈಲು. ಅಲ್ಲಿಂದ ವಾಟರ್‌ಲೂ ಕಡೆ ಹೋಗುವ ರೈಲು ವಾಕ್ಸ್‌ಹಾಲ್‌ನಲ್ಲಿ ನಿಲ್ಲುತ್ತದೆ. ಅದೇ ಆಯ್ಸ್ಟರ್ ನಡೆಯುತ್ತದೆ. ಟ್ಯೂಬ್‌ನಷ್ಟು ಬೇಗ ಬೇಗ ಬರುವುದಿಲ್ಲ, ಸಮಯ ನೋಡಿಕೊಂಡು ಹೋಗಬೇಕು. ಮಂಡಿ ತುಂಬಾ ನೋಯುವ ದಿನ ಇದೇ ಒಳ್ಳೆಯದು.

ಮಂಡಿಯ ಮಾತಿಗೆ ಬಂದರೆ ಸ್ವಲ್ಪ ಚರಿತ್ರೆ ಗೊತ್ತಿರುವುದು ನಿಜಕ್ಕೂ ಉಪಯೋಗ. ಜಗತ್ತಿನ ಮೊದಲ ಸುರಂಗ ರೈಲು ಇಲ್ಲೇ, 1863ರ ಜನವರಿಯಲ್ಲಿ, ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಓಡಿದ್ದು, ಅದೂ ಉಗಿಬಂಡಿ. ಆಗ ರಸ್ತೆಯನ್ನೇ ಅಗೆದು, ಹಳ್ಳದಲ್ಲಿ ಹಳಿ ಹಾಕಿ, ಮೇಲೆ ಮುಚ್ಚುತ್ತಿದ್ದರು. ಹೊಗೆ ಹೋಗಬೇಕಲ್ಲ, ಆಳಕ್ಕೆ ಹೋಗುವ ಹಾಗಿರಲಿಲ್ಲ. ಸರ್ಕಲ್, ಡಿಸ್ಟ್ರಿಕ್ಟ್, ಮೆಟ್ರೊಪಾಲಿಟನ್, ಹ್ಯಾಮರ್‌ಸ್ಮಿತ್ ಅಂಡ್ ಸಿಟಿ, ಈ ನಾಲ್ಕು ಇವತ್ತಿಗೂ ಆ ಥರದವು, ಹೆಚ್ಚಿನ ಕಡೆ ಒಂದೆರಡು ಸಾಲು ಮೆಟ್ಟಿಲು ಇಳಿದರೆ ರೈಲು. ಡಬ್ಬಿಗಳೂ ದೊಡ್ಡವು, ಏಸಿ ಇದೆ. 1890ರಿಂದ ವಿದ್ಯುತ್ ರೈಲು ಬಂತು, ಆಮೇಲೆ ಆಳದಲ್ಲಿ ಕೊಳವೆ ಕೊರೆದು ಮಾಡಿದವು ನಾರ್ದರ್ನ್, ಸೆಂಟ್ರಲ್, ಬೇಕರ್‌ಲೂ, ಪಿಕಡಿಲಿಯ ನಡುಭಾಗ. ಟ್ಯೂಬ್ ಅನ್ನುವ ಹೆಸರೇ ಆ ಕೊಳವೆಯಿಂದ. ಇವು ಆಳ, ಇಕ್ಕಟ್ಟು, ಬೇಸಿಗೆಯಲ್ಲಿ ಸೆಕೆ. ನೀರಿನ ಬಾಟಲಿ ಕೈಯಲ್ಲಿರಲಿ.

ಎಸ್ಕಲೇಟರ್ ಎಲ್ಲ ಕಡೆ ಇರುತ್ತದೆ ಅಂದುಕೊಳ್ಳಬೇಡಿ. ಇದ್ದರೂ ಅದರ ಮೊದಲು ಹತ್ತು ಮೆಟ್ಟಿಲು, ನಂತರ ಹನ್ನೆರಡು ಮೆಟ್ಟಿಲು ಅಂತ ಸಿಗುತ್ತವೆ. ಟ್ಯೂಬಿನ 272 ಸ್ಟೇಷನ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮಾತ್ರ ಮೆಟ್ಟಿಲಿಲ್ಲದ ದಾರಿ ಇರುವುದು. ನಕ್ಷೆಯಲ್ಲಿ ಗಾಲಿಕುರ್ಚಿ ಚಿತ್ರ ಇರುತ್ತದೆ. ನೀಲಿ ವೃತ್ತದಲ್ಲಿ ಬಿಳಿ ಕುರ್ಚಿ ಇದ್ದರೆ ರಸ್ತೆಯಿಂದ ರೈಲಿನ ತನಕ ಮೆಟ್ಟಿಲಿಲ್ಲ. ಬಿಳಿ ವೃತ್ತದಲ್ಲಿ ನೀಲಿ ಕುರ್ಚಿ ಇದ್ದರೆ ಪ್ಲಾಟ್‌ಫಾರ್ಮಿನ ತನಕ ಮಾತ್ರ, ರೈಲಿಗೆ ಒಂದು ಹೆಜ್ಜೆ ಎತ್ತಿ ಇಡಬೇಕು. ನಿಮಗೆ ಎರಡೂ ನಡೆಯುತ್ತದೆ. ಗ್ರೀನ್ ಪಾರ್ಕ್‌ನಲ್ಲಿ ಲಿಫ್ಟ್ ಇದೆ, ವೆಸ್ಟ್‌ಮಿನ್‌ಸ್ಟರ್, ಕಿಂಗ್ಸ್ ಕ್ರಾಸ್‌ನಲ್ಲೂ ಇದೆ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಅಂತೂ ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್ ಅಥವಾ ಇಳಿಜಾರು ಇಟ್ಟೇ ಮಾಡಿದ್ದು. ಕಾವೆಂಟ್ ಗಾರ್ಡನ್‌ನಲ್ಲಿ ಮಾತ್ರ ಲಿಫ್ಟಿನ ಸಾಲು ಉದ್ದ ಅಂತ ಅವಸರ ಮಾಡಿ ಪಕ್ಕದ ಮೆಟ್ಟಿಲು ಹಿಡಿಯಬೇಡಿ. 193 ಮೆಟ್ಟಿಲು, ಸುರುಳಿ ಸುತ್ತಿಕೊಂಡು. ಅರ್ಧಕ್ಕೆ ಹೋದವರು ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಅಂತ ಗೋಡೆ ಹಿಡಿದು ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಬೇಕು. ಎಡಗಡೆ ಓಡುವವರದು. ಸೀಟಿನ ವಿಷಯದಲ್ಲಿ ಅಮ್ಮಾವ್ರು ನಾಚಿಕೊಳ್ಳಬೇಡಿ, ಬಾಗಿಲ ಪಕ್ಕದ ಸೀಟುಗಳು ಕೈಲಾಗದವರಿಗೆ ಅಂತಲೇ ಇಟ್ಟದ್ದು. ಕೇಳಿದರೆ ಎದ್ದುಕೊಡುತ್ತಾರೆ. ಕೇಳದಿದ್ದರೆ ಎಲ್ಲರ ಕಣ್ಣು ಫೋನಿನೊಳಗೆ.

ನೀವಿಬ್ಬರೂ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಬಾಗಿಲು ಬೇಗ ಮುಚ್ಚುತ್ತದೆ, ಒಬ್ಬರು ಹತ್ತಿ ಒಬ್ಬರು ಉಳಿಯುವುದು ಆಗುತ್ತದೆ. ಆಗ ಹತ್ತಿದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಮುಂದಿನ ರೈಲಿನಲ್ಲಿ ಬರಬೇಕು. ಒಳಗೆ ಫೋನ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟರೆ ಸಂಜೆಯಾಗುತ್ತದೆ. ಹಾಗೇ ಇಬ್ಬರ ಜೇಬಿನಲ್ಲೂ ಅವರವರ ಕಾರ್ಡ್ ಇರಬೇಕು. ಇಬ್ಬರದ್ದೂ ಯಜಮಾನರ ಪರ್ಸಿನಲ್ಲಿ ಅನ್ನುವ ವ್ಯವಸ್ಥೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೊರಡುವ ಹೊತ್ತು: ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆ ಆದಮೇಲೆ ಹೊರಡಿ, ಸಂಜೆ ನಾಲ್ಕರೊಳಗೆ ವಾಪಸ್ ರೈಲು ಹತ್ತಿ, ಇಲ್ಲವೇ ಏಳರ ಮೇಲೆ ಬನ್ನಿ. ಬೆಳಗ್ಗೆ 6:30ರಿಂದ 9:30, ಸಂಜೆ 4ರಿಂದ 7, ಇವು ದುಬಾರಿ ಹೊತ್ತು. ದುಡ್ಡಿಗಿಂತ ಹೆಚ್ಚಾಗಿ ನೂಕುನುಗ್ಗಲಿಗೆ ಹೆದರಿ ಹೇಳುತ್ತಿದ್ದೇನೆ. ಶನಿವಾರ ಭಾನುವಾರ ಮಗನ ಜೊತೆ ಹೋಗುವುದಾದರೆ ಹಿಂದಿನ ದಿನವೇ ಯಾವ ಲೈನ್ ಬಂದ್ ಅಂತ ನೋಡಿಕೊಳ್ಳಿ, ರಿಪೇರಿ ಕೆಲಸವೆಲ್ಲ ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ. ಲಂಡನ್ ಸಾರಿಗೆ ಸಂಸ್ಥೆಯದೇ ಟಿಎಫ್ಎಲ್ ಗೋ ಅನ್ನುವ ಆ್ಯಪ್ ಇದೆ, ಅದರಲ್ಲಿ ಮೆಟ್ಟಿಲಿಲ್ಲದ ದಾರಿ ಮಾತ್ರ ತೋರಿಸು ಅಂತಲೂ ಕೇಳಬಹುದು.

ಹೆಸರು ನೋಡಿ ಮೋಸ ಹೋಗುವ ಜಾಗಗಳು ಕೆಲವಿವೆ. ಫೋಟೊಗಳಲ್ಲಿ ನೋಡಿರುವ ಎರಡು ಗೋಪುರದ ಸೇತುವೆ ಟವರ್ ಬ್ರಿಜ್, ಅದಕ್ಕೆ ಟವರ್ ಹಿಲ್‌ನಲ್ಲಿ ಇಳಿಯಬೇಕು. ಲಂಡನ್ ಬ್ರಿಜ್ ಸ್ಟೇಷನ್‌ನಲ್ಲಿ ಇಳಿದು ಹೊರಗೆ ಬಂದರೆ ಒಂದು ಸಾದಾ ಸೇತುವೆ ಸಿಗುತ್ತದೆ, ಇಷ್ಟೇನಾ ಅನ್ನಿಸುತ್ತದೆ. ಎಡ್ಜ್‌ವೇರ್ ರೋಡ್ ಅನ್ನುವ ಹೆಸರಿನ ಸ್ಟೇಷನ್ ಎರಡಿವೆ, ಬೇರೆ ಬೇರೆ ಕಟ್ಟಡ, ಬೇರೆ ಬೇರೆ ಲೈನ್. ಸರ್ಕಲ್ ಲೈನ್ 2009ರಿಂದ ಪೂರ್ತಿ ಸುತ್ತು ಹಾಕುವುದಿಲ್ಲ, ಎಡ್ಜ್‌ವೇರ್ ರೋಡ್‌ನಲ್ಲಿ ಇಳಿಸಿಬಿಡುತ್ತದೆ.

ಶೌಚಾಲಯ ಟ್ಯೂಬ್ ರೈಲಿನೊಳಗೆ ಇಲ್ಲ, ನಡುಭಾಗದ ಸ್ಟೇಷನ್‌ಗಳಲ್ಲೂ ಕಡಿಮೆ. ಮ್ಯೂಸಿಯಂನಿಂದ ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ. ಸುಸ್ತಾದ ದಿನ ಟ್ಯೂಬೇ ಬೇಡ, ಕೆಂಪು ಬಸ್ಸಿನಲ್ಲಿ ಕೂತು ಊರು ನೋಡಿ. 2025ರಲ್ಲಿ ಒಂದು ಸಲಕ್ಕೆ 1.75 ಪೌಂಡ್ ಇತ್ತು, ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಮತ್ತೆ ದುಡ್ಡಿಲ್ಲ. ಬಸ್ಸಿನಲ್ಲಿ ನಗದು ತಗೊಳ್ಳುವುದಿಲ್ಲ, 2014ರಲ್ಲೇ ನಿಲ್ಲಿಸಿದ್ದಾರೆ.

ವಿಮಾನ ಇಳಿದ ದಿನದ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೀಥ್ರೂದಲ್ಲಿ ಹೀಥ್ರೂ ಎಕ್ಸ್‌ಪ್ರೆಸ್ ಅಂತ ದೊಡ್ಡ ಬೋರ್ಡುಗಳು ಕರೆಯುತ್ತವೆ. ಅದು ದುಬಾರಿ, ಹೋಗುವುದು ಪ್ಯಾಡಿಂಗ್ಟನ್‌ಗೆ, ನಿಮಗೆ ಅದರಿಂದ ಏನೂ ಕೆಲಸವಿಲ್ಲ. ನಿಮ್ಮ ಪಿಕಡಿಲಿ ಲೈನ್ ಏರ್‌ಪೋರ್ಟಿನ ಕೆಳಗಿಂದಲೇ ಹೊರಡುತ್ತದೆ, ನೇರ ಹೌನ್ಸ್ಲೊ ಸೆಂಟ್ರಲ್.

ವಾಪಸ್ ಮನೆಗೆ ಬರುವಾಗ ಮಾತ್ರ ಒಂದು ಕವಲಿದೆ. ಪಿಕಡಿಲಿ ಲೈನ್ ಪಶ್ಚಿಮಕ್ಕೆ ಬರುತ್ತಾ ಆ್ಯಕ್ಟನ್ ಟೌನ್‌ನಲ್ಲಿ ಎರಡಾಗುತ್ತದೆ. ಒಂದು ಹೀಥ್ರೂ ಕಡೆ, ಇನ್ನೊಂದು ಅಕ್ಸ್‌ಬ್ರಿಜ್ ಕಡೆ. ನಿಮಗೆ ಬೇಕಾದದ್ದು ಹೀಥ್ರೂ. ಯಾವ ಟರ್ಮಿನಲ್ ಅಂತಿದ್ದರೂ ಪರವಾಗಿಲ್ಲ, ಎಲ್ಲವೂ ನಿಮ್ಮ ಸ್ಟೇಷನ್ ದಾಟಿಯೇ ಹೋಗಬೇಕು. ಅವಸರದಲ್ಲಿ ಬೇರೆಯದು ಹತ್ತಿದ್ದರೆ ಗಾಬರಿ ಬೇಡ, ಆ್ಯಕ್ಟನ್ ಟೌನ್‌ನಲ್ಲಿ ಇಳಿದು ಹೀಥ್ರೂ ಅಂತ ಬರೆದ ರೈಲಿಗೆ ಕಾಯಿರಿ. ಅಲ್ಲಿ ಗೇಟು ದಾಟಿ ಹೊರಗೆ ಹೋಗಬೇಡಿ, ಕಾರ್ಡ್ ಮುಟ್ಟಿಸುವ ಕೆಲಸವೂ ಇಲ್ಲ. ಅದು ಹೌನ್ಸ್ಲೊ ಸೆಂಟ್ರಲ್‌ನಲ್ಲೇ, ಗೇಟು ಬಾಗಿಲು ತೆರೆದುಕೊಂಡೇ ನಿಂತಿದ್ದರೂ, ಇಬ್ಬರೂ ತಮ್ಮ ತಮ್ಮ ಕಾರ್ಡ್ ತೆಗೆದು.